ಬೂಟು ತೊಟ್ಟು ಮಲಗುವವರು

ಬುಧವಾರ ಸಂಜೆ ಏಳಕ್ಕೆ, ಸೇಂಟ್ ಲೂಯಿಸಿನಲ್ಲಿ,
ಟೈರಿನ ಅಂಗಡಿಯ ಹಿಂದಿನ ಕೋಣೆ.
ಹನ್ನೊಂದು ಕುರ್ಚಿ. ಒಂದರ ಕಾಲು ಕುಂಟು.
ಅದರಲ್ಲಿ ನಾನೇ ಕೂರುತ್ತೇನೆ,
ಬಂದವರು ಬೀಳಬಾರದು.

ನಾನು ಡಾಕ್ಟರಲ್ಲ. ದ್ರೀನಾ ನದಿಯ ದಂಡೆಯಲ್ಲಿ
ಸ್ವೆಟರ್ ಕಾರ್ಖಾನೆಯ ಎರಡನೇ ಪಾಳಿಗೆ ಮೇಲ್ವಿಚಾರಕಿ.
ತಪ್ಪಿದ ಹೆಣಿಗೆ ಯಾವ ಸಾಲಿನದೆಂದು
ಕಣ್ಣು ಮುಚ್ಚಿ ಬೆರಳಲ್ಲೇ ಹೇಳುತ್ತಿದ್ದೆ, ಅಷ್ಟೆ.
ಇಲ್ಲಿ ಆರು ದಿನ ತರಬೇತಿ ಕೊಟ್ಟರು,
ಒಂದು ಫೈಲು, ಒಂದು ಪೆನ್ನು,
ಕೊರಳಿಗೊಂದು ಹೆಸರಿನ ಚೀಟಿ: ಫಿಕ್ರೆತಾ.
ಈ ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ ಫಿಕ್ರೆತಾ!

ಮೊದಲು ಎಲ್ಲರೂ ತಂತಮ್ಮ ಭಾವನೆ ಹೇಳಿಕೊಳ್ಳಲಿ
ಎಂದಿತ್ತು ಫೈಲಿನಲ್ಲಿ. ಓದಿದೆ.
ಹೈರುದಿನ್ ಟೋಪಿ ಎತ್ತಿಕೊಂಡು ಎದ್ದ:
'ಹುಚ್ಚರ ಪಟ್ಟಿಯಲ್ಲಿ ನನ್ನ ಹೆಸರು ಯಾಕೆ?'
ಮರುವಾರ ತಾನಾಗಿಯೇ ಬಂದ.
ಹೆಂಡತಿಗೆ ಕಾರು ಓಡಿಸಲು ಬರೋದಿಲ್ಲ,
ಅದಕ್ಕೆ, ಎಂದ.

ಆವತ್ತು ಫೈಲು ಮುಚ್ಚಿಟ್ಟು ಕಾಫಿಗೆ ಇಟ್ಟೆ,
ಉದ್ದ ಹಿಡಿಯ ತಾಮ್ರದ ಪುಟ್ಟ ಪಾತ್ರೆ.
ನೊರೆ ಏರಬೇಕು, ಚೆಲ್ಲಬಾರದು.
ಒಲೆಯ ಕಡೆಗೇ ಮುಖ ಮಾಡಿ ಕೇಳಿದೆ:
'ನಿಮ್ಮನಿಮ್ಮ ಮನೆಯಲ್ಲಿ ಯಾರಿಗೆ ನಿದ್ದೆ ಬರೋದಿಲ್ಲ?'
ತಿರುಗಿ ನೋಡಿದರೆ
ಎಲ್ಲರೂ ಪಕ್ಕದವರನ್ನು ತೋರಿಸುತ್ತಿದ್ದಾರೆ.

ನಗು. ಆಮೇಲೆ ಒಂದಿಷ್ಟು ಹೊತ್ತು
ಈ ಊರಿನ ದೊಣ್ಣೆಮೆಣಸಿಗೆ ರುಚಿಯಿಲ್ಲವೆಂದೂ
ಬಾಡಿಗೆ ಮತ್ತೆ ಏರಿತೆಂದೂ.
ಆ ಮಾತಿನ ನಡುವೆಯೇ ಮೆವ್ಲಿದಾ
ಬಟ್ಟೆ ಒಗೆಯುವ ದೂರಿನಂತೆ ಅಂದಳು:
'ದಿನಾ ಹಾಸಿಗೆಯ ಬಟ್ಟೆ ಒಗೆದು ಸಾಕಾಗಿದೆ ನನಗೆ.
ಈ ಮನುಷ್ಯ ಎಂಟು ವರ್ಷದಿಂದ
ಬೂಟು ತೊಟ್ಟೇ ಮಲಗುತ್ತಾನೆ.'

ಹೊಸ್ತಿಲಾಚೆ ಬೂಟು ಬಿಡುವ ಜನ ನಾವು.
ಹೆಣ ನೋಡಲು ಬಂದವರೂ ಬಿಚ್ಚಿಯೇ ಒಳಬರುತ್ತಾರೆ.
ಹೈರುದಿನ್ ನೆಲ ನೋಡಿದ. ಎಲ್ಲರೂ ನೆಲ ನೋಡಿದೆವು.
ಆಗ ಅವರ ಹುಡುಗ, ನಿಹಾದ್, ಒಂಬತ್ತರವನು,
ಹಿಂದೆ ಹಳೆ ಟೈರಿನೊಳಗೆ ಕೂತಿದ್ದವನು,
'ನಾನೂ' ಅಂದ.

ಬೆಟ್ಟ ಹತ್ತಿದ್ದು ಅವನಿಗೆ ನೆನಪಿಲ್ಲ.
ಆಗ ಅವನು ಅಪ್ಪನ ಕೋಟಿನೊಳಗಿನ ಒಂದು ಉಸಿರು.
'ಯಾವ ಗಂಟು ಹಾಕ್ತೀಯೋ?' ಅಂದ ಹೈರುದಿನ್,
ಧ್ವನಿ ಬಿರುಕು ಬಿಟ್ಟಿತ್ತು.
'ನಿನ್ನದೇ. ಎರಡು ಸುತ್ತು.'

ಅಪ್ಪ ಎದ್ದು ಹೊರಗೆ ಹೋದ.
ಏನು ಮಾಡಬೇಕೆಂದು ಫೈಲಿನಲ್ಲಿ ಇದ್ದಿರಬಹುದು.
ನಾನು ತೆರೆಯಲಿಲ್ಲ.
ಮೂರು ವಾರದಿಂದ ತುಟಿ ಬಿಚ್ಚದ ಶೆಫ್ಕೆತ್
ಎರಡು ಬಟ್ಟಲು ಕಾಫಿ ಹಿಡಿದು ಹಿಂದೆಯೇ ನಡೆದ.
ಕಿಟಕಿಯಾಚೆ, ಟೈರುಗಳ ಗುಡ್ಡೆಯ ಪಕ್ಕ,
ಎರಡು ಸಿಗರೇಟಿನ ಕಿಡಿ.
ಅವರೇನು ಮಾತಾಡಿದರೋ. ಮಾತಾಡಿದರೋ ಇಲ್ಲವೋ.

ಮುಂದಿನ ಬುಧವಾರ ನನ್ನದನ್ನು ಹೇಳಿದೆ,
ಮೇಲ್ವಿಚಾರಕಿ ಹೇಳಬಾರದಂತೆ, ಹೇಳಿದೆ:
ನನ್ನ ಬಾಗಿಲ ಹಿಂದೊಂದು ಚೀಲವಿದೆ.
ಕಾಗದಪತ್ರ, ಸೂಜಿ, ಅರ್ಧ ಬ್ರೆಡ್ಡು.
ಶುಕ್ರವಾರಕ್ಕೊಮ್ಮೆ ಬ್ರೆಡ್ಡು ಬದಲಿಸುತ್ತೇನೆ.
'ಹಳೆಯದನ್ನು ಏನು ಮಾಡ್ತೀಯ?' ಕೇಳಿದಳು ಮೆವ್ಲಿದಾ.
ತಿನ್ನುತ್ತೇನೆ, ಅಂದೆ. ಮತ್ತೇನು.

ತಿಂಗಳ ಕೊನೆಗೆ ಕಚೇರಿಗೆ ವರದಿ.
ಬಂದವರೆಷ್ಟು, ಕುಟುಂಬವೆಷ್ಟು, ಪ್ರಗತಿ ಏನು.
ಅದನ್ನು ತುಂಬುವಾಗಲೇ ಮೆವ್ಲಿದಾಳ ಫೋನು,
ಪಿಸುಮಾತು, ಅವನು ಮಲಗಿದ್ದಾನೆ, ಏಳಬಾರದು:
'ನಿನ್ನೆ ರಾತ್ರಿ ಎಡಗಾಲಿನದು ಬಿಚ್ಚಿದ.'
ಪ್ರಗತಿ ಎಂಬಲ್ಲಿ ಬರೆದೆ: ಎಡಗಾಲು.

ಬಲಗಾಲಿನ ಮಾತೆತ್ತಬೇಡ, ಅಂದೆ ಅವಳಿಗೆ.
ಅದಿರಲಿ.
ಓಡಬೇಕಾಗಿ ಬಂದರೆ
ಒಂದಾದರೂ ಬೇಕಲ್ಲ.